ಗಾಬರಿಯೋ, ಹೃದಯದ ಓಟವೋ?



ಮಾತು ಆರಂಭಿಸುವುದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ನಾನು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಜಿಪಿ, ಅಂದರೆ ನಮ್ಮೂರ ಲೆಕ್ಕದಲ್ಲಿ ಫ್ಯಾಮಿಲಿ ಡಾಕ್ಟರು. ಹೃದ್ರೋಗ ತಜ್ಞೆ ಅಲ್ಲ. ಆದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡು ಬರುವವರು ಮೊದಲು ಬರುವುದು ನನ್ನಂಥವರ ಬಾಗಿಲಿಗೇ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯವರೇ ಆದ ಒಬ್ಬ ಹೆಣ್ಣುಮಗಳು ಹಾಗೆ ಬಂದರು. ಮೂವತ್ತೈದರ ಆಸುಪಾಸು ವಯಸ್ಸು, ಇಬ್ಬರು ಮಕ್ಕಳು, ಕಂಪ್ಯೂಟರ್ ಕೆಲಸ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ಮಾತ್ರ ಹೇಳುತ್ತೇನೆ. "ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ಎದೆ ಡವಡವ ಅಂತ ಹೊಡ್ಕೊಳ್ಳತ್ತೆ, ಗಾಬರಿ ಆಗ್ಬಿಡತ್ತೆ, ಕೈಕಾಲು ನಡುಗತ್ತೆ" ಎಂದರು. ನಾಡಿ ನೋಡಿದೆ, ನಿಮಿಷಕ್ಕೆ 76. ಇಸಿಜಿ ತೆಗೆಸಿದೆ, ಸರಿಯಾಗಿತ್ತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡೂ ಸರಿ, ಹಿಮೋಗ್ಲೋಬಿನ್ನೂ ಸರಿ. ಮನೆ, ಮಕ್ಕಳು, ಆಫೀಸು, ಊರಲ್ಲಿ ಕಾಯಿಲೆ ಬಿದ್ದ ಮಾವ, ಎಲ್ಲ ಕೇಳಿದ ಮೇಲೆ ಕಂಪ್ಯೂಟರಿನಲ್ಲಿ ನಾನು ಟೈಪ್ ಮಾಡಿದ ಪದ ಒಂದೇ: ಆತಂಕ.

ಅವರು ಒಟ್ಟು ಮೂರು ಸಲ ಬಂದರು. ಮೂರು ಸಲವೂ ನಾನು ಅದನ್ನೇ ಹೇಳಿದೆ, ಉಸಿರಾಟದ ವ್ಯಾಯಾಮದ ಕಾಗದ ಕೊಟ್ಟೆ. ನಾಲ್ಕನೆಯ ಸಲ ಅವರು ಕೈಯಲ್ಲಿ ಒಂದು ಗುಲಾಬಿ ಬಣ್ಣದ ಕಾಗದದ ಸುರುಳಿ ಹಿಡಿದುಕೊಂಡು ಬಂದರು. ಆಫೀಸಿನಲ್ಲಿ ಬಗ್ಗಿ ಕೆಳಗಿನ ಡ್ರಾಯರಿನಿಂದ ಏನೋ ತೆಗೆಯುವಾಗ ಶುರುವಾಗಿತ್ತಂತೆ. ಸಹೋದ್ಯೋಗಿಯೊಬ್ಬರು ಹೆದರಿ ಆಂಬ್ಯುಲೆನ್ಸ್ ಕರೆಸಿದ್ದರು. ಅವರು ಅಲ್ಲೇ ತೆಗೆದ ಇಸಿಜಿ ಅದು. ನಿಮಿಷಕ್ಕೆ 192 ಬಡಿತ, ಗಡಿಯಾರದ ಮುಳ್ಳಿನಷ್ಟು ಕ್ರಮಬದ್ಧ. ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, "ನೋಡಿ ಡಾಕ್ಟ್ರೇ, ಇದು ನನ್ನ ಗಾಬರಿ ಫೋಟೋ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಈ ಭಾಷಣ ಆ ಸುರುಳಿಯ ಬಗ್ಗೆ. ಕಾರಣ ತಿಳಿಯದೆ ಓಡುವ ಹೃದಯವನ್ನು ಗುರುತಿಸುವುದು ಹೇಗೆ, ಓಡುತ್ತಿರುವಾಗಲೇ ಹಿಡಿಯುವುದು ಹೇಗೆ, ಡಾಕ್ಟರಿಗೆ ಅರ್ಥವಾಗುವಂತೆ ಹೇಳುವುದು ಹೇಗೆ ಎಂಬುದರ ಬಗ್ಗೆ.

ಮೊದಲು ಭಾಷೆಯ ವಿಷಯ, ಏಕೆಂದರೆ ನಾನು ಮುಗ್ಗರಿಸಿದ್ದು ಅಲ್ಲೇ. ನಮ್ಮ ಕನ್ನಡದಲ್ಲಿ "ಗಾಬರಿ" ಎನ್ನುವ ಪದ ಮನಸ್ಸಿಗೂ ಸಲ್ಲುತ್ತದೆ, ದೇಹಕ್ಕೂ ಸಲ್ಲುತ್ತದೆ. ಎದೆ ಜೋರಾಗಿ ಹೊಡೆದುಕೊಂಡರೆ ಗಾಬರಿ ಆಯ್ತು ಅನ್ನುತ್ತೇವೆ, ಮಗ ಮನೆಗೆ ತಡವಾಗಿ ಬಂದರೂ ಗಾಬರಿ ಆಯ್ತು ಅನ್ನುತ್ತೇವೆ. ಅದನ್ನೇ ಇಲ್ಲಿಯ ಡಾಕ್ಟರ ಮುಂದೆ ಇಂಗ್ಲಿಷಿನಲ್ಲಿ ಹೇಳುವಾಗ ಬಾಯಿಗೆ ಬರುವುದು "ಪ್ಯಾನಿಕ್" ಅಥವಾ "ಆಂಗ್ಶಸ್" ಎಂಬ ಪದ. ರೋಗಿಯೇ ಆ ಪದ ಉಚ್ಚರಿಸಿದ ಮೇಲೆ ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರು ಮುಂದೆ ಯೋಚಿಸುವುದು ಕಡಿಮೆ. ನನ್ನ ಮುಂದಿದ್ದವರು ಕನ್ನಡದಲ್ಲೇ ಹೇಳಿದ್ದರು, ನಾನೂ ಕನ್ನಡದವಳೇ, ಆದರೂ ನನ್ನ ತಲೆ ಅದನ್ನು ಆ ಇಂಗ್ಲಿಷ್ ಪದಕ್ಕೇ ತಿರುಗಿಸಿಕೊಂಡಿತು. ಇದು ಕನ್ನಡದವರೊಬ್ಬರ ಪಾಡಲ್ಲ. 1997ರಲ್ಲಿ ಅಮೆರಿಕದಲ್ಲಿ ಇದೇ ಬಗೆಯ ಹೃದಯದ ಓಟ ಇದ್ದ 107 ಜನರನ್ನು ಅಧ್ಯಯನ ಮಾಡಿದಾಗ, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಲಕ್ಷಣಗಳು ಪುಸ್ತಕದ ಪ್ರಕಾರ ಪ್ಯಾನಿಕ್ ಕಾಯಿಲೆಯ ಪಟ್ಟಿಗೂ ಹೊಂದುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲ ತಪಾಸಣೆಯಲ್ಲಿ ನಿಜವಾದ ಕಾಯಿಲೆ ಸಿಕ್ಕಿರಲಿಲ್ಲ. ಮನಸ್ಸಿನ ಮೇಲೆ ಹೊರಿಸಿ ಕಳಿಸಿದ್ದು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚು. ಈ ಕೊನೆಯ ವಾಕ್ಯ ಓದಿದಾಗ ನಾನು ಆ ಪುಟ ಮುಚ್ಚಿಟ್ಟು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಹಾಗಾದರೆ ನಾನು ಕೇಳಬೇಕಿದ್ದ ಪ್ರಶ್ನೆ ಯಾವುದು? ಒಂದೇ ಪ್ರಶ್ನೆ ಆರಿಸಿಕೊಳ್ಳಿ ಎಂದರೆ ಇದು: ಅದು ಶುರುವಾಗುವುದು ಹೇಗೆ, ನಿಲ್ಲುವುದು ಹೇಗೆ?

ಹೃದಯ ವೇಗವಾಗಿ ಓಡುವುದೇ ಕಾಯಿಲೆ ಅಲ್ಲ. ಮೆಟ್ಟಿಲು ಹತ್ತಿದಾಗ, ಜ್ವರ ಬಂದಾಗ, ಹೆದರಿದಾಗ, ನೀರು ಕಡಿಮೆ ಕುಡಿದಾಗ ಅದು ಓಡಲೇಬೇಕು. ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಒಂದು ಪುಟ್ಟ ಅಂಗಾಂಶ ಇದೆ, ಬಡಿತಕ್ಕೆ ತಾಳ ಹಾಕುವುದು ಅದೇ. ಅದನ್ನು ಮೊದಲು ಕಂಡವನು ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯ ವಿದ್ಯಾರ್ಥಿ. ಇಲ್ಲೇ ಕೆಂಟ್ ಸೀಮೆಯ ಹಳ್ಳಿಮನೆಯೊಂದರಲ್ಲಿ, ಮಣ್ಣು ತೋಡುವ ಮೋಲ್ ಎಂಬ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ. ಆ ಹೊತ್ತಿಗೆ ಗುರು ಆರ್ಥರ್ ಕೀತ್ ಹೆಂಡತಿಯ ಜೊತೆ ಸೈಕಲ್ ಸವಾರಿಗೆ ಹೋಗಿದ್ದರು! ಇರಲಿ. ಈ ತಾಳಗಾರ ವೇಗ ಹೆಚ್ಚಿಸುವಾಗ ಮೆಲ್ಲಮೆಲ್ಲಗೆ ಹೆಚ್ಚಿಸುತ್ತಾನೆ, ಇಳಿಸುವಾಗಲೂ ಹಾಗೆಯೇ. ಶಿರಾಡಿ ಘಾಟಿಯಲ್ಲಿ ಬಸ್ಸು ಹತ್ತಿ ಇಳಿದಂತೆ. ನಿಜವಾದ ಆತಂಕದಲ್ಲೂ ಹೀಗೇ: ಮನಸ್ಸಿನಲ್ಲಿ ಒಂದು ಯೋಚನೆ ಮೊದಲು, ಏರಿಕೆ ಆಮೇಲೆ, ಇಳಿಯಲು ಅರ್ಧ ಗಂಟೆ.

ಆ ಹೆಣ್ಣುಮಗಳಿಗೆ ಆಗುತ್ತಿದ್ದದ್ದು ಬೇರೆ. ಸ್ವಿಚ್ ಹಾಕಿದಂತೆ ಶುರು, ಸ್ವಿಚ್ ಆರಿಸಿದಂತೆ ನಿಲುಗಡೆ. ನಡುವೆ ಹತ್ತು ನಿಮಿಷವೋ ಒಂದು ಗಂಟೆಯೋ ಒಂದೇ ವೇಗ. ಇದಕ್ಕೆ ವೈದ್ಯರು ಹೇಳುವ ಹೆಸರು ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯ. ಉದ್ದ ಹೆಸರು, ಎಸ್‌ವಿಟಿ ಅನ್ನೋಣ. ಮೇಲ್ಕೋಣೆಗಳಿಂದ ಕೆಳಕೋಣೆಗಳಿಗೆ ವಿದ್ಯುತ್ ದಾಟುವ ಜಾಗವನ್ನು ಎವಿ ನೋಡ್ ಅನ್ನುತ್ತಾರೆ. ಕೆಲವರಿಗೆ ಅಲ್ಲಿ ಒಂದರ ಬದಲು ಎರಡು ದಾರಿ ಇರುತ್ತವೆ, ಒಂದು ಬೇಗದ ದಾರಿ, ಒಂದು ನಿಧಾನದ ದಾರಿ. ಯಾವುದೋ ಒಂದು ಅಡ್ಡಬಡಿತ ತಪ್ಪು ಹೊತ್ತಿನಲ್ಲಿ ಬಂದರೆ ವಿದ್ಯುತ್ತು ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತತೊಡಗುತ್ತದೆ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ದೊಡ್ಡ ರೌಂಡ್‌ಅಬೌಟಿನಲ್ಲಿ ಯಾವ ಕಡೆ ಹೊರಬೀಳಬೇಕೆಂದು ತಿಳಿಯದೆ ಮೂರು ಸುತ್ತು ಹಾಕಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದೊಂದು ಸುತ್ತಿಗೂ ಹೃದಯ ಒಂದು ಸಲ ಬಡಿಯುತ್ತದೆ. ನಿಮಿಷಕ್ಕೆ 150ರಿಂದ 220ರವರೆಗೂ ಹೋಗಬಹುದು.

ಸ್ವಿಚ್ಚಿನ ಲಕ್ಷಣದ ಜೊತೆಗೆ ಇನ್ನೆರಡು ಸುಳಿವುಗಳಿವೆ. ಕತ್ತಿನಲ್ಲಿ ಬಡಿತ: ಮೇಲಿನ ಕೋಣೆ, ಕೆಳಗಿನ ಕೋಣೆ ಒಟ್ಟಿಗೇ ಹಿಂಡುವುದರಿಂದ ರಕ್ತ ಕತ್ತಿನ ಸಿರೆಗಳಿಗೆ ವಾಪಸು ಒತ್ತುತ್ತದೆ. "ಗಂಟಲಲ್ಲಿ ಏನೋ ಹಾರ್ತಾ ಇದೆ" ಎಂದು ಜನ ಹೇಳುತ್ತಾರೆ. ಕಪ್ಪೆಯ ಗಂಟಲು ಮಿಡಿದಂತೆ ಕಾಣುತ್ತದೆಂದು ವೈದ್ಯರು ಇದಕ್ಕೆ ಕಪ್ಪೆಯ ಹೆಸರನ್ನೇ ಇಟ್ಟಿದ್ದಾರೆ. ಇನ್ನೊಂದು, ಓಟ ನಿಂತ ಮೇಲೆ ಧಾರಾಳವಾಗಿ ಮೂತ್ರ ಹೋಗುವುದು. ಹಿಗ್ಗಿದ ಮೇಲ್ಕೋಣೆ ಉಪ್ಪು ನೀರನ್ನು ಹೊರಹಾಕು ಎಂದು ಮೂತ್ರಪಿಂಡಕ್ಕೆ ಹಾರ್ಮೋನಿನ ಮೂಲಕ ಸಂದೇಶ ಕಳಿಸುವುದರಿಂದ ಹೀಗಾಗುತ್ತದೆ. ಇವೆರಡನ್ನೂ ರೋಗಿಗಳು ತಾವಾಗಿ ಹೇಳುವುದಿಲ್ಲ, ಒಂದಕ್ಕೊಂದು ಸಂಬಂಧ ಇದೆಯೆಂದು ಅವರಿಗೆ ಗೊತ್ತಿರುವುದಿಲ್ಲ. ಮೂತ್ರದ ಮಾತು ಎತ್ತಲು ಸಂಕೋಚ ಬೇರೆ.

ಇನ್ನು ಲೆಕ್ಕ. ವಯಸ್ಸನ್ನು 220ರಿಂದ ಕಳೆದರೆ ಬರುವುದು ಸೈನಸ್ ನೋಡ್ ಸುಮಾರಾಗಿ ಮುಟ್ಟಬಹುದಾದ ಗರಿಷ್ಠ ವೇಗ. ಇದು ಅಂದಾಜು, ಶಾಸನವಲ್ಲ. ಮೂವತ್ತೈದರ ಹೆಣ್ಣಿಗೆ 185. ಮೈದಾನದಲ್ಲಿ ಪ್ರಾಣ ಬಿಟ್ಟು ಓಡಿದರೆ ಮುಟ್ಟುವ ವೇಗ. ಕುರ್ಚಿಯಲ್ಲಿ ಕೂತು ಡ್ರಾಯರ್ ಎಳೆದರೆ 192 ಬರುವುದನ್ನು ಯಾವ ಆತಂಕವೂ ವಿವರಿಸಲಾರದು.

ಹಾಗಾಗಿ ಮುಂದಿನ ಸಲ ಎದೆ ಓಡಿದಾಗ ಮಾಡಬೇಕಾದ ಮೊದಲ ಕೆಲಸ ನಾಡಿ ಎಣಿಸುವುದು. ಈಗಲೇ, ಇದನ್ನು ಕೇಳುತ್ತಲೋ ಓದುತ್ತಲೋ ಅಭ್ಯಾಸ ಮಾಡಿ. ಎಡಗೈ ಅಂಗೈಯನ್ನು ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ, ಬಲಗೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದಕ್ಕೇ ಒಂದು ಮಿಡಿತ ಇದೆ, ಮೋಸ ಮಾಡುತ್ತದೆ. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಸಂಖ್ಯೆಯಷ್ಟೇ ಮುಖ್ಯವಾದದ್ದು ತಾಳ. ಆದಿತಾಳ ಹಾಕಿದಂತೆ ಸಮನಾಗಿದೆಯೇ, ಅಥವಾ ಗೋಣಿಚೀಲದಿಂದ ಆಲೂಗಡ್ಡೆ ಉರುಳಿದಂತೆ ಲಯವೇ ಇಲ್ಲದೆ ಬರುತ್ತಿದೆಯೇ? ಎಣಿಸಲಾರದಷ್ಟು ವೇಗವಿದ್ದರೆ ಇನ್ನೊಂದು ಉಪಾಯ. ಬಡಿತಕ್ಕೆ ಸರಿಯಾಗಿ ಇನ್ನೊಬ್ಬರು ಬೆರಳಿನಿಂದ ಮೇಜು ಕುಟ್ಟಲಿ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಡಾಕ್ಟರು ನಗಬಹುದು, ಆದರೆ ಕೇಳುತ್ತಾರೆ. ನಾನಂತೂ ಕೇಳುತ್ತೇನೆ.

ಲಯವೇ ಇಲ್ಲದ ಓಟ ಎಂದೆನಲ್ಲ, ಅದು ಬೇರೆಯೇ ಕಥೆ, ಏಟ್ರಿಯಲ್ ಫಿಬ್ರಿಲೇಷನ್. ಅರವತ್ತು ದಾಟಿದವರಲ್ಲಿ, ಬಿಪಿ ಇದ್ದವರಲ್ಲಿ ಹೆಚ್ಚು. ಮೇಲ್ಕೋಣೆ ಹಿಂಡುವುದನ್ನು ಬಿಟ್ಟು ನಡುಗುತ್ತಿರುತ್ತದೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ಲಯ ಇದ್ದವರಿಗೆ ಆ ಅಪಾಯ ಸುಮಾರು ಐದು ಪಟ್ಟು. ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನ ಕೈ ಹಿಡಿದು ಮಾತಾಡುವಾಗ ಹಾಗೇ ಒಂದು ನಿಮಿಷ ನಾಡಿ ನೋಡಿ. ತಾಳ ತಪ್ಪಿದೆ ಅನ್ನಿಸಿದರೆ ಇಸಿಜಿ ತೆಗೆಸಿ. ಇದರ ಬಗ್ಗೆ ಇನ್ನೊಂದು ದಿನವೇ ಮಾತಾಡಬೇಕು.

ಈಗ ಇಸಿಜಿ. ನನ್ನ ರೋಗಿಯ ಇಸಿಜಿ ಸರಿಯಾಗಿತ್ತು ಎಂದೆ. ಸರಿಯಾಗಿರದೆ ಇನ್ನೇನು? ಓಟ ಇಲ್ಲದಾಗ ತೆಗೆದ ಇಸಿಜಿ ಅದು. ಬಳ್ಳಾರಿಯಲ್ಲಿ ಬೇಸಿಗೆಯಲ್ಲಿ ಹೋಗಿ ಮಳೆ ಬಿದ್ದಿತ್ತೇ ಎಂದು ನೆಲ ನೋಡಿದಂತೆ. ಹಾಗೆಂದು ಅದು ವ್ಯರ್ಥವೂ ಅಲ್ಲ. ಕೆಲವರಲ್ಲಿ ಓಟ ಇಲ್ಲದಾಗಲೂ ಗುರುತು ಇರುತ್ತದೆ. 1930ರಲ್ಲಿ ಅಮೆರಿಕದ ವೊಲ್ಫ್ ಮತ್ತು ವೈಟ್, ಲಂಡನ್ನಿನ ಪಾರ್ಕಿನ್‌ಸನ್ ಎಂಬ ಮೂವರು ವೈದ್ಯರು ಆರೋಗ್ಯವಂತರಾದ, ಆದರೆ ಆಗಾಗ ಎದೆ ಓಡುವ ಹನ್ನೊಂದು ಜನರ ಇಸಿಜಿ ಪ್ರಕಟಿಸಿದರು. ಬಡಿತದ ಚೂಪು ಗೆರೆ ಏಳುವ ಮೊದಲು ಒಂದು ಸಣ್ಣ ಇಳಿಜಾರು. ಅದನ್ನು ಈಗ ಡೆಲ್ಟಾ ಅಲೆ ಎನ್ನುತ್ತಾರೆ. ಮೇಲ್ಕೋಣೆಗೂ ಕೆಳಕೋಣೆಗೂ ನಡುವೆ ಹುಟ್ಟಿನಿಂದಲೇ ಒಂದು ಕಳ್ಳದಾರಿ ಇದ್ದರೆ ಹೀಗೆ ಕಾಣುತ್ತದೆ. ಇದನ್ನು ಕಡೆಗಣಿಸಬಾರದು. ಇಂಥವರಿಗೆ ಫಿಬ್ರಿಲೇಷನ್ ಬಂದರೆ ಆ ಕಳ್ಳದಾರಿಯಲ್ಲಿ ಅತಿವೇಗದ ಬಡಿತ ಕೆಳಗಿಳಿದು ಜೀವಕ್ಕೆ ಅಪಾಯ ಆಗಬಹುದು, ಮತ್ತು ಹೃದಯದ ವೇಗ ಇಳಿಸಲು ಸಾಮಾನ್ಯವಾಗಿ ಕೊಡುವ ಕೆಲವು ಔಷಧಗಳೇ ಆಗ ಕೆಡುಕು ಮಾಡಬಹುದು. ಆದ್ದರಿಂದ ನಿಮ್ಮ ಇಸಿಜಿಯನ್ನು ಯಂತ್ರ "ನಾರ್ಮಲ್" ಎಂದು ಮುದ್ರಿಸಿದ್ದರೂ ಒಬ್ಬ ಮನುಷ್ಯರು ಕಣ್ಣಿನಿಂದ ನೋಡಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಓಡುತ್ತಿರುವಾಗ ಹಿಡಿಯುವುದೇ ನಿಜವಾದ ರೋಗನಿರ್ಣಯ. ಅದಕ್ಕಾಗಿ ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಎಂಬ ಭೌತವಿಜ್ಞಾನಿ 1940ರ ದಶಕದಲ್ಲಿ ಬೆನ್ನಿಗೆ ಹೊರುವ ಒಂದು ಯಂತ್ರ ಮಾಡಿದ. ತೂಕ ಸುಮಾರು 38 ಕಿಲೋ. ಅಕ್ಕಿ ಮೂಟೆ ಹೊತ್ತುಕೊಂಡರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ, ಅದು ಬೇರೆ ಮಾತು. ಇವತ್ತು ಹೋಲ್ಟರ್ ಎಂದು ಕೊಡುವುದು ಬೆಂಕಿಪೊಟ್ಟಣದಷ್ಟು. ಆದರೆ ಇಲ್ಲೊಂದು ಸರಳ ತರ್ಕ ಇದೆ, ಅದನ್ನು ವೈದ್ಯರೂ ಮರೆಯುತ್ತಾರೆ. ನಿಮಗೆ ತಿಂಗಳಿಗೊಮ್ಮೆ ಆಗುವ ಓಟವನ್ನು 24 ಗಂಟೆಯ ಯಂತ್ರದಲ್ಲಿ ಹಿಡಿಯಬೇಕಾದರೆ ಅದೃಷ್ಟ ಬೇಕು. "ಹೋಲ್ಟರ್ ಸರಿ ಇದೆ" ಎಂದರೆ ಆ ದಿನ ಕಳ್ಳ ಬರಲಿಲ್ಲ ಎಂದಷ್ಟೇ. ದಿನಾ ಆಗುವುದಾದರೆ 24 ಗಂಟೆ ಸಾಕು. ವಾರಕ್ಕೊಮ್ಮೆ ಎಂದರೆ ಎದೆಗೆ ಅಂಟಿಸುವ, ಎರಡು ವಾರದವರೆಗೂ ಬರೆಯುವ ಪ್ಯಾಚ್ ಕೇಳಿ. ವರ್ಷಕ್ಕೆ ಎರಡು ಮೂರು ಸಲ, ಅದೂ ಎಚ್ಚರ ತಪ್ಪುವಂತೆ ಆಗುವುದಾದರೆ ಚರ್ಮದ ಕೆಳಗೆ ಇಡುವ ಲೂಪ್ ರೆಕಾರ್ಡರ್ ಇದೆ, ಸುಮಾರು ಮೂರು ವರ್ಷ ಕಾವಲು ಕಾಯುತ್ತದೆ.

ಕೈಗಡಿಯಾರದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಗಡಿಯಾರದ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ನೋಡಿ ವೇಗ ಊಹಿಸುತ್ತದೆ. ಕೈ ಅಲುಗಿದರೆ, ಪಟ್ಟಿ ಸಡಿಲವಿದ್ದರೆ ತಪ್ಪುತ್ತದೆ. ಆ ಸಂಖ್ಯೆಯೊಂದನ್ನೇ ನಂಬಿ ಹೆದರಬೇಡಿ. ಆದರೆ ಕೆಲವು ಗಡಿಯಾರಗಳಲ್ಲಿ, ಮತ್ತು ಎರಡು ಬೆರಳಿಟ್ಟು ಹಿಡಿಯುವ ಸಣ್ಣ ಪಟ್ಟಿಗಳಲ್ಲಿ, ಮೂವತ್ತು ಸೆಕೆಂಡಿನ ನಿಜವಾದ ಇಸಿಜಿ ತೆಗೆಯಬಹುದು. ಆಪಲ್ ಗಡಿಯಾರದಲ್ಲಿ ಇದು 2018ರಿಂದ ಇದೆ. ಓಟ ಶುರುವಾದ ಕೂಡಲೇ ಕೂತು, ಕೈಯನ್ನು ಮೇಜಿನ ಮೇಲಿಟ್ಟು ತೆಗೆಯಿರಿ. ವೇಗ ತುಂಬ ಹೆಚ್ಚಿದ್ದರೆ ಅದು ತೀರ್ಮಾನಿಸಲಾಗದು ಎಂಬಂತೆ ಏನೋ ತೋರಿಸಬಹುದು. ಅಲ್ಲಿಗೆ ನಿರಾಶರಾಗಿ ಅಳಿಸಿಬಿಡುವವರನ್ನು ನೋಡಿದ್ದೇನೆ. ಅಳಿಸಬೇಡಿ. ಯಂತ್ರಕ್ಕೆ ಓದಲು ಬಾರದ್ದು ತಜ್ಞರಿಗೆ ಬರುತ್ತದೆ. ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಆಂಬ್ಯುಲೆನ್ಸಿನವರಾಗಲಿ ಆಸ್ಪತ್ರೆಯವರಾಗಲಿ ತೆಗೆದ ಇಸಿಜಿಯ ಪ್ರತಿಯನ್ನೂ ಕೇಳಿ ಪಡೆಯಿರಿ, ಆಗದಿದ್ದರೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ನೀವು ಮನೆ, ಊರು, ದೇಶ ಬದಲಿಸುವವರು. ನಿಮ್ಮ ಕಾಗದ ನಿಮ್ಮ ಹಿಂದೆ ತಾನಾಗಿ ಬರುವುದಿಲ್ಲ.

ಇಷ್ಟು ಹೊತ್ತು ಬಂದು ಹೋಗುವ ಓಟದ ಬಗ್ಗೆ ಮಾತಾಡಿದೆ. ಬಂದದ್ದು ಹೋಗದೇ ಇರುವ ಓಟವೂ ಇದೆ. ಕೂತರೂ ಮಲಗಿದರೂ ನಿಮಿಷಕ್ಕೆ 110, 115, 120. ಇಸಿಜಿಯಲ್ಲಿ ಲಯ ಸರಿಯಾಗೇ ಇದೆ, ಸೈನಸ್ ನೋಡೇ ಓಡಿಸುತ್ತಿದೆ. ಇಲ್ಲಿ ಹೃದಯ ಅಪರಾಧಿಯಲ್ಲ, ದೂರು ಹೇಳುತ್ತಿರುವ ಸಾಕ್ಷಿ. ಹಿಂದೆ ಏನಿದೆ ಎಂದು ಹುಡುಕಬೇಕು. ರಕ್ತಹೀನತೆ, ನಮ್ಮ ಹೆಂಗಸರಲ್ಲಿ ಬಹಳ ಸಾಮಾನ್ಯ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ಕಬ್ಬಿಣ ಸಾಲದು, ಹುಟ್ಟು ಸಸ್ಯಾಹಾರಿಗಳಿಗೆ ಬಿ12 ಕೂಡ ಸಾಲದಿರಬಹುದು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು. ತೂಕ ಇಳಿಯುವುದು, ಬೆವರು, ಕೈ ನಡುಕ ಇದ್ದರೆ ಮೊದಲು ನೋಡಬೇಕಾದದ್ದೇ ಅದು. ಥೈರಾಯ್ಡ್ ಕಡಿಮೆಯಿದೆ ಎಂದು ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರೆಯ ಪ್ರಮಾಣ ಹೆಚ್ಚಾದರೂ ಹೀಗೇ ಆಗುತ್ತದೆ. ಊರಿನಿಂದ ತಂದ ಸ್ಟ್ರಿಪ್ಪಿನಲ್ಲಿ ಎಷ್ಟು ಮೈಕ್ರೋಗ್ರಾಮ್ ಇದೆ ಎಂದು ಇಲ್ಲಿಯ ಡಾಕ್ಟರಿಗೆ ತೋರಿಸಿ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆ, ಆಸ್ತಮಾದ ನೀಲಿ ಪಂಪು, ಎನರ್ಜಿ ಡ್ರಿಂಕು, ಇವೂ ಪಟ್ಟಿಯಲ್ಲಿವೆ. ಫಿಲ್ಟರ್ ಕಾಫಿಯನ್ನು ಎಲ್ಲರೂ ಮೊದಲು ಬೈಯುತ್ತಾರೆ. ದಿನಕ್ಕೆರಡು ಲೋಟ ಕುಡಿಯುವವರಲ್ಲಿ ಅದೇ ಕಾರಣ ಆಗಿರುವುದು ನನ್ನ ಅನುಭವದಲ್ಲಿ ಅಪರೂಪ.

ಕೂತಾಗ ಸರಿಯಿದ್ದು ಎದ್ದು ನಿಂತ ಕೂಡಲೇ ಓಡುವುದಾದರೆ ಬೇರೆ ಯೋಚಿಸಬೇಕು. ಮಲಗಿ ಐದು ನಿಮಿಷ ಆದ ಮೇಲೆ ಒಮ್ಮೆ ಎಣಿಸಿ, ಎದ್ದು ನಿಂತು ಹತ್ತು ನಿಮಿಷದೊಳಗೆ ಮತ್ತೆ ಮತ್ತೆ ಎಣಿಸಿ. ಬಿಪಿ ಇಳಿಯದೆಯೇ ಬಡಿತ 30ಕ್ಕಿಂತ ಹೆಚ್ಚು ಏರಿ ಹಾಗೇ ನಿಂತರೆ, ತಿಂಗಳುಗಟ್ಟಲೆ ಹೀಗೇ ಇದ್ದರೆ, ಅದಕ್ಕೆ ಪಾಟ್ಸ್ ಎಂಬ ಹೆಸರಿದೆ. ಹದಿಹರೆಯದವರಲ್ಲಿ ಈ ಗಡಿ 40. ಕೋವಿಡ್ ಆದ ನಂತರ ಇಂಥವರು ಹೆಚ್ಚು ಬರುತ್ತಿದ್ದಾರೆ. ಇವರನ್ನೂ ಗಾಬರಿಯ ಖಾತೆಗೆ ಹಾಕಿ ಕಳಿಸುವುದು ನಡೆದೇ ಇದೆ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದು ಒಂದಿದೆ. ಮಗಳ ಬಾಣಂತನಕ್ಕೆಂದು ಅಮ್ಮ ಬೆಂಗಳೂರಿನಿಂದ ಹತ್ತು ಗಂಟೆಗೂ ಮೀರಿ ವಿಮಾನದಲ್ಲಿ ಕೂತು ಬರುತ್ತಾರೆ. ಪಕ್ಕದವರನ್ನು ಎಬ್ಬಿಸಬಾರದೆಂದು ಏಳುವುದಿಲ್ಲ, ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದಿಲ್ಲ. ಬಂದ ಕೆಲವು ದಿನಕ್ಕೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಹೊಡೆದುಕೊಳ್ಳುವುದು, ಒಂದು ಕಾಲು ಮೀನಖಂಡದಲ್ಲಿ ನೋವು, ಊತ. "ಪ್ರಯಾಣದ ಸುಸ್ತು, ಚಳಿ ಹಿಡಿಸಿಲ್ಲ" ಎಂದು ಮನೆಯವರು ಕಷಾಯ ಕೊಡುತ್ತಾರೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೂ ಆರಂಭದಲ್ಲಿ ಕಾಣುವುದು ಇಷ್ಟೇ, ಕಾರಣ ತಿಳಿಯದ ವೇಗದ ನಾಡಿ. ಅದು ಪ್ರಾಣ ತೆಗೆಯಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು, ವಿಮಾನದಲ್ಲಿ ಬಂದ ವಿಷಯವನ್ನು ನೀವಾಗಿ ಹೇಳಬೇಕು. ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ, ಖರ್ಚಾಗುತ್ತದೆ ಎಂದು ಕಾಯಬೇಡಿ. ಹಾಗೆಯೇ ಬಾಣಂತಿಯ ನಾಡಿಯನ್ನೂ ನೋಡಿ. ಹೆರಿಗೆಯ ನಂತರದ ಆರು ವಾರ ಆಕೆಗೂ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಹೃದಯದ ಸ್ನಾಯುವೇ ಸೋಲುವ ಒಂದು ಕಾಯಿಲೆ ಅದೇ ಸಮಯದಲ್ಲಿ, ಕೆಲವೊಮ್ಮೆ ಕೆಲವು ತಿಂಗಳು ಕಳೆದೂ, ಬರುವುದುಂಟು. ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದಿದೆ, ಎದೆ ಓಡುತ್ತದೆ ಎಂದು ಬಾಣಂತಿ ಹೇಳಿದರೆ "ನಿದ್ದೆಗೆಟ್ಟಿದ್ದೀಯ, ಅದಕ್ಕೇ" ಅನ್ನಬೇಡಿ.

ಯಾವಾಗ ಕಾಯಬಾರದು? ಓಟದ ಜೊತೆ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಕತ್ತಲೆ ಬಂದು ಬೀಳುವುದು, ಇಲ್ಲವೇ ತಾನಾಗಿ ನಿಲ್ಲದೇ ಇರುವುದು. ಆಗ ಸ್ವಂತ ಕಾರು ಓಡಿಸಿಕೊಂಡು ಹೋಗಬೇಡಿ. ಇಲ್ಲಿ 999, ಜರ್ಮನಿಯಲ್ಲಿ 112, ಅಮೆರಿಕ ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಸಿಂಗಪುರದಲ್ಲಿ 995, ಎಮಿರೇಟ್ಸ್‌ನಲ್ಲಿ 998. ರಜೆಗೆ ಊರಿಗೆ ಹೋದಾಗ ಕರ್ನಾಟಕದಲ್ಲಿ 108.

ಆಟವಾಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಎಚ್ಚರ ತಪ್ಪಿದ ಮಗುವಿನ ವಿಷಯದಲ್ಲಂತೂ ತಡ ಮಾಡಲೇಬಾರದು. ಇಲ್ಲಿ ಡಾಕ್ಟರು ಕುಟುಂಬದ ಚರಿತ್ರೆ ಕೇಳುತ್ತಾರೆ, ನಾವು "ಏನಿಲ್ಲ" ಎಂದುಬಿಡುತ್ತೇವೆ, ಏಕೆಂದರೆ ಚರಿತ್ರೆ ಇರುವುದು ಊರಿನಲ್ಲಿ, ದೊಡ್ಡಮ್ಮ ಸೋದರತ್ತೆಯರ ನೆನಪಿನಲ್ಲಿ. ಒಂದು ಭಾನುವಾರ ಫೋನ್ ಮಾಡಿ ಕೇಳಿ. ನಮ್ಮ ಮನೆತನದಲ್ಲಿ ನಲವತ್ತಕ್ಕೆ ಮುಂಚೆ ಇದ್ದಕ್ಕಿದ್ದಂತೆ ಯಾರಾದರೂ ತೀರಿಕೊಂಡರೇ? ಈಜು ಬರುತ್ತಿದ್ದವರು ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿದರೇ? ಫಿಟ್ಸ್ ಎಂದು ಮಾತ್ರೆ ತೆಗೆದುಕೊಂಡೂ ಗುಣವಾಗದವರಿದ್ದಾರೆಯೇ? ಹುಟ್ಟಿನಿಂದ ಕಿವಿ ಕೇಳದ, ಆಗಾಗ ಮೂರ್ಛೆ ಹೋಗುತ್ತಿದ್ದ ಮಗು ಇತ್ತೇ? ಹೃದಯದ ಬಡಿತದ ಕೆಲವು ಅಪಾಯದ ಕಾಯಿಲೆಗಳು ರಕ್ತದಲ್ಲಿ ಹರಿದು ಬರುತ್ತವೆ. ಕಿವುಡಿನ ಜೊತೆ ಬರುವ ಬಗೆಯದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರಬೇಕು, ಸೋದರಸಂಬಂಧದ ಮದುವೆಗಳಿರುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಅರ್ಥ ಇದೆ. "ಗಾಳಿ ಸೋಕಿತು", "ದೃಷ್ಟಿ ತಾಗಿತು" ಎಂದು ಮನೆಯಲ್ಲಿ ಹೇಳಿಕೊಂಡ ಸಾವಿನ ಹಿಂದೆ ಒಂದು ಇಸಿಜಿ ಅಡಗಿರಬಹುದು.

ಎಸ್‌ವಿಟಿ ಎಂದು ಖಚಿತವಾದ ಮೇಲೆ ಮಾಡುವ ಒಂದು ಮನೆಮದ್ದಿನಂಥ ಉಪಾಯ ಇದೆ, ಔಷಧವೇ ಬೇಡ. 2015ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅರ್ಧ ಒರಗಿ ಕೂತು ಹದಿನೈದು ಸೆಕೆಂಡು ಬಲವಾಗಿ ಮುಕ್ಕಬೇಕು, 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು ಒಳಗಿನ ದಂಡ ಅಲುಗುವಷ್ಟು ಊದಿದರೆ ಸರಿಯಾಗುತ್ತದೆ. ಮುಗಿದ ತಕ್ಷಣ ಅಂಗಾತ ಮಲಗಿಸಿ, ಇನ್ನೊಬ್ಬರು ಎರಡೂ ಕಾಲನ್ನು ಹದಿನೈದು ಸೆಕೆಂಡು ಎತ್ತಿ ಹಿಡಿಯಬೇಕು. ಬರೀ ಮುಕ್ಕಿದಾಗ ನೂರರಲ್ಲಿ 17 ಜನರ ಓಟ ನಿಂತರೆ, ಕಾಲೆತ್ತಿದಾಗ 43 ಜನರದು ನಿಂತಿತು. ನಿಮ್ಮ ಡಾಕ್ಟರು ನಿಮಗೆ ಇದು ಸರಿ ಎಂದು ಹೇಳಿ, ಒಮ್ಮೆ ತೋರಿಸಿಕೊಟ್ಟ ಮೇಲೆ ಮಾಡಿ. ವಯಸ್ಸಾದವರ ಕತ್ತು ಒತ್ತುವುದನ್ನೆಲ್ಲ ಮನೆಯಲ್ಲಿ ಮಾಡಬೇಡಿ. ಇದಕ್ಕೂ ಜಗ್ಗದಿದ್ದರೆ ಆಸ್ಪತ್ರೆಯಲ್ಲಿ ಅಡೆನೊಸಿನ್ ಎಂಬ ಸೂಜಿ. ಕೆಲವು ಸೆಕೆಂಡು ಪ್ರಾಣವೇ ಹೋದಂತೆ ಅನ್ನಿಸುತ್ತದೆ, ಮೊದಲೇ ಹೇಳಿದ್ದರೆ ತಡೆದುಕೊಳ್ಳಬಹುದು. ಕಾಫಿ ಕುಡಿದು ಹೋಗಿದ್ದರೆ ಹೇಳಿ, ಈ ಔಷಧದ ಕೆಲಸವನ್ನು ಕಾಫಿ ತಗ್ಗಿಸುತ್ತದೆ. ಇಲ್ಲಿ ಕಾರು ಓಡಿಸುವವರಿಗೆ ಇನ್ನೊಂದು ಮಾತು. ಓಟದಿಂದ ಎಚ್ಚರ ತಪ್ಪಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ ಡಿವಿಎಲ್‌ಎಗೆ ತಿಳಿಸಬೇಕು, ಅದು ಕಾನೂನು.

ಪೂರ್ತಿ ಗುಣವಾಗುವ ದಾರಿಯೂ ಇದೆ, ಅಬ್ಲೇಷನ್. ತೊಡೆಸಂದಿಯ ಸಿರೆಯಿಂದ ಸಣ್ಣ ತಂತಿಗಳನ್ನು ಹೃದಯಕ್ಕೆ ಕಳಿಸಿ, ಸುತ್ತುವ ದಾರಿ ಹುಡುಕಿ, ಬಿಸಿಯಿಂದ ಸುಟ್ಟು ಮುಚ್ಚುತ್ತಾರೆ. ಈ ಬಗೆಯ ಎಸ್‌ವಿಟಿಯಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಜನರಿಗೆ ಗುಣವಾಗುತ್ತದೆ. ಪಕ್ಕದ ಒಳ್ಳೆಯ ದಾರಿಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬೆಂಗಳೂರಿನ ಜಯದೇವದಲ್ಲೂ ಇದನ್ನು ಮಾಡುತ್ತಾರೆ, ಊರಲ್ಲಿರುವ ನಿಮ್ಮವರಿಗೆ ಹೇಳಿ.

ನನ್ನ ಆ ರೋಗಿಗೂ ಅದನ್ನೇ ಮಾಡಿದರು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಸ್ವಲ್ಪ ಮಂಪರು ಅಷ್ಟೇ. ಮೊದಲು ಓಟವನ್ನು ಬೇಕೆಂದೇ ಎಬ್ಬಿಸಬೇಕು, ಇಲ್ಲದಿದ್ದರೆ ಯಾವ ದಾರಿ ಎಂದು ತಿಳಿಯುವುದಿಲ್ಲ. ತಂತಿಯಿಂದ ಸಣ್ಣ ಸಣ್ಣ ಹೊಡೆತ ಕೊಟ್ಟು ಎಬ್ಬಿಸಿದರಂತೆ, ಒಂದೇ ಸಲಕ್ಕೆ 190. ತಜ್ಞರು ಪರದೆ ನೋಡುತ್ತ, ನಿಮಗೆ ಮನೆಯಲ್ಲಿ ಆಗುತ್ತಿದ್ದದ್ದು ಇದೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಂಪರಿನಲ್ಲಿದ್ದ ಇವರು ಕನ್ನಡದಲ್ಲೇ "ಹೂಂ, ಇದೇ, ಇದೇ" ಎಂದರಂತೆ. ಆ ತಜ್ಞರಿಗೆ ಕನ್ನಡ ಬರುತ್ತಿರಲಿಲ್ಲ. ತಲೆಯಾಡಿಸಿ, ಕೆಲಸ ಶುರು ಮಾಡಿದರು.